ಕಿವಿಗೆ ಯಾವ ಗುಜರಿ, ಕೈಗೆ ಯಾವ ಗುಜರಿ?

ಗುಜರಿಯಿಂದ ಒಡವೆ ಮಾಡುವುದಾದರೆ ಮೊದಲು 4 ಸೆಂ.ಮೀ. ಅಗಲದ ಒಂದು ದುಂಡು ಬಿಲ್ಲೆಯನ್ನು ಬೇರೆ ಬೇರೆ ಗುಜರಿಯಲ್ಲಿ ಕತ್ತರಿಸಿ ತಕ್ಕಡಿಗೆ ಹಾಕಿ ನೋಡಿ. ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನಿನದು ಅರ್ಧ ಗ್ರಾಮಿಗೂ ಕಡಿಮೆ ತೂಗುತ್ತದೆ. ನೀರಿನ ಬಾಟಲಿಯ ಗೋಡೆಯದು ಅರ್ಧ ಗ್ರಾಮಿನ ಆಸುಪಾಸು. 4 ಮಿ.ಮೀ. ದಪ್ಪದ ತೆಂಗಿನ ಕರಟದ್ದು ಐದಾರು ಗ್ರಾಂ, ಬಾಟಲಿಯ ಮುಚ್ಚಳ ಕರಗಿಸಿ ಮಾಡಿದ 5 ಮಿ.ಮೀ. ಹಲಗೆಯದು 6 ಗ್ರಾಂ, 1 ಮಿ.ಮೀ. ತಾಮ್ರದ ತಗಡಿನದು 11 ಗ್ರಾಂ. ಇದರಲ್ಲಿ ಯಾವುದು ಚೆಂದ ಅನ್ನುವುದು ಆಮೇಲಿನ ಮಾತು. ಜೋಡಿ ಓಲೆಯಲ್ಲಿ ಒಂದೊಂದು 5 ಗ್ರಾಂ ದಾಟಿದರೆ ಸಂಜೆಯ ಹೊತ್ತಿಗೆ ಕಿವಿ ಜಗ್ಗುತ್ತದೆ. ಅದೇ 11 ಗ್ರಾಂ ಕೊರಳಿನ ಪದಕವಾದರೆ ಒಳ್ಳೆಯ ತೂಕ, ಸರ ನೆಟ್ಟಗೆ ಇಳಿಬೀಳುತ್ತದೆ.

ಹಾಗಾಗಿ ಮನೆಯಲ್ಲಿ ಯಾವ ಕಸ ಬಿದ್ದಿದೆ ಅಂತ ನೋಡುವುದಕ್ಕೆ ಮೊದಲು ಒಡವೆ ಮೈಮೇಲೆ ಎಲ್ಲಿ ಕೂರುತ್ತದೆ ಅಂತ ನೋಡಬೇಕು. ಕಿವಿ ತೂಕವನ್ನೂ ನಿಕ್ಕಲ್ಲನ್ನೂ (ಹಲವರ ಚರ್ಮಕ್ಕೆ ತುರಿಕೆ ತರುವ ಲೋಹ) ತಡೆಯದು. ಕೊರಳಿನ ತೊಂದರೆ ಬೆವರು. ಮಣಿಕಟ್ಟು ಪಾತ್ರೆ, ಮೇಜು, ಬಾಗಿಲು, ಸೋಪಿನ ನೀರು ಎಲ್ಲಕ್ಕೂ ತಾಗುತ್ತದೆ. ಸೀರೆಯ ಮೇಲಿನ ಬ್ರೂಚು ಮಾತ್ರ ಎಲ್ಲವನ್ನೂ ಸಹಿಸುತ್ತದೆ. ಹೊಸ ವಸ್ತುವನ್ನು ಪರೀಕ್ಷಿಸುವವರು ಬ್ರೂಚಿನಿಂದ ಶುರುಮಾಡಿದರೆ ನಷ್ಟ ಕಡಿಮೆ.

ಎರಡನೆಯ ಪ್ರಶ್ನೆ, ಆ ಗುಜರಿ ಮೊದಲು ಏನಾಗಿತ್ತು ಅನ್ನುವುದು. ಕೀಟನಾಶಕ, ಆ್ಯಸಿಡ್, ಎಂಜಿನ್ ಆಯಿಲ್ ತುಂಬಿದ್ದ ಡಬ್ಬಿಗಳು ಎಷ್ಟೇ ಚೆಂದದ ಬಣ್ಣದಲ್ಲಿರಲಿ, ಬೇಡ. ಪ್ಲಾಸ್ಟಿಕ್ ಅದನ್ನು ಒಳಗೆ ಹೀರಿರುತ್ತದೆ, ತೊಳೆದರೆ ಹೋಗುವುದಿಲ್ಲ.

ಬಾಟಲಿಯ ಗೋಡೆಯೋ, ಬಾಟಲಿಯ ಮುಚ್ಚಳವೋ?

ಒಂದೇ ಬಾಟಲಿಯ ಈ ಎರಡು ಭಾಗಗಳ ಸ್ವಭಾವ ಒಂದಕ್ಕೊಂದು ತದ್ವಿರುದ್ಧ. ಕತ್ತರಿಸಿ ನೀರಿಗೆ ಹಾಕಿದರೆ ಗೋಡೆಯ ತುಂಡು ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಗೋಡೆ ಪೆಟ್ ಪ್ಲಾಸ್ಟಿಕ್, ತ್ರಿಕೋನದೊಳಗೆ 1ರ ಗುರುತು. ನೀರಿನ ಬಾಟಲಿಯ ಮುಚ್ಚಳ ಹೆಚ್ಚಾಗಿ ಎಚ್‌ಡಿಪಿಇ, ಗುರುತು 2. ಕೆಲವು ಮುಚ್ಚಳಗಳು ಪಾಲಿಪ್ರೊಪಿಲೀನ್, ಗುರುತು 5. ಅದೂ ತೇಲುವುದರಿಂದ ನೀರಿನ ಪರೀಕ್ಷೆ ಇವೆರಡನ್ನು ಬೇರ್ಪಡಿಸದು, ಒಳಗಿನ ಅಂಕಿಯನ್ನೇ ಓದಬೇಕು.

ಪೆಟ್ ಓಲೆಗೆ ಹೇಳಿ ಮಾಡಿಸಿದ್ದು. ಕಾರಣ ತೂಕ, ಮತ್ತು ಬಿಸಿಗೆ ಅದು ಮುದುಡುವ ರೀತಿ. ಬಾಟಲಿ ಊದುವಾಗ ಗೋಡೆಯನ್ನು ಎರಡು ದಿಕ್ಕಿಗೂ ಎಳೆದಿರುತ್ತಾರೆ. ಮತ್ತೆ ಬಿಸಿ ತಾಗಿದಾಗ, ಸುಮಾರು 75–80 ಡಿಗ್ರಿ ದಾಟಿದ ಕೂಡಲೇ, ಅದು ಹಳೆಯ ರೂಪಕ್ಕೆ ಹೋಗಲು ನೋಡುತ್ತದೆ: ಕುಗ್ಗುತ್ತದೆ, ದಪ್ಪವಾಗುತ್ತದೆ, ಅಂಚು ಒಳಕ್ಕೆ ಸುರುಳಿಯಾಗುತ್ತದೆ. ಐದು ಎಸಳಿನ ಚಪ್ಪಟೆ ಹೂ ತಾನಾಗಿಯೇ ಬಟ್ಟಲಾಗುತ್ತದೆ. ಆದರೆ ಕತ್ತು ಮತ್ತು ತಳದ ಮಧ್ಯಭಾಗ ಹೀಗೆ ಎಳೆದ ಭಾಗಗಳಲ್ಲ. ಅವು ಮುದುಡವು, ಸುಮ್ಮನೆ ಮೆತ್ತಗಾಗುತ್ತವೆ. ಬಿಸಿಯಾಗಿಯೇ ತುಂಬುವ ಹಣ್ಣಿನ ರಸದ ಬಾಟಲಿಗಳನ್ನು (ಗೋಡೆಯಲ್ಲಿ ಚೌಕ ಚೌಕದ ತಗ್ಗುಗಳಿರುತ್ತವೆ) ತಯಾರಿಕೆಯಲ್ಲೇ ಬಿಸಿಗೆ ಪಳಗಿಸಿರುತ್ತಾರೆ. ಅವೂ ಕಡಿಮೆ ಕುಗ್ಗುತ್ತವೆ. ಸೋಡಾ ಮತ್ತು ಕೋಲಾ ಬಾಟಲಿಯ ಗೋಡೆ ಈ ಕೆಲಸಕ್ಕೆ ಎಲ್ಲಕ್ಕಿಂತ ಉತ್ತಮ. ಕುಗ್ಗುವಿಕೆ ಬಾಟಲಿಯಿಂದ ಬಾಟಲಿಗೆ ಬೇರೆಯಾದ್ದರಿಂದ ಜೋಡಿ ಓಲೆಯ ಎರಡೂ ತುಂಡನ್ನು ಒಂದೇ ಬಾಟಲಿಯಿಂದ, ಒಂದೇ ಎತ್ತರದಲ್ಲಿ ಕತ್ತರಿಸಿ. ಎಡಗಿವಿಯದು ದೊಡ್ಡದು, ಬಲಗಿವಿಯದು ಚಿಕ್ಕದು ಅಂತ ಆಗುವುದು ಇಲ್ಲೇ.

ಮೇಣದಬತ್ತಿಯ ಹಳದಿ ಜ್ವಾಲೆ ಮಸಿ ಹಿಡಿಸುತ್ತದೆ, ಅದು ಒರೆಸಿದರೆ ಹೋಗದು. ಬಿಸಿಗಾಳಿಯ ಗನ್ ಇದ್ದರೆ ಅದೇ ಸರಿ. ಇಲ್ಲವಾದರೆ ಸ್ಪಿರಿಟ್ ದೀಪ. ತುಂಡನ್ನು ಚಿಮಟದಲ್ಲಿ ಹಿಡಿದು ಜ್ವಾಲೆಯಿಂದ ನಾಲ್ಕೈದು ಸೆಂ.ಮೀ. ಮೇಲೆ ತಿರುಗಿಸುತ್ತಾ ಇರಿ. ಒಂದೇ ಕಡೆ ನಿಲ್ಲಿಸಿದರೆ ಪಾರದರ್ಶಕವಾಗಿದ್ದದ್ದು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಮಸಿಯೂ ಅಲ್ಲ, ಹೊಗೆಯೂ ಅಲ್ಲ. ಪ್ಲಾಸ್ಟಿಕ್ಕಿನ ಒಳಗೆ ಹರಳುಗಟ್ಟಿದೆ ಎಂದರ್ಥ. ಆ ಜಾಗ ಮುಂದೆ ಪಟಕ್ಕನೆ ಮುರಿಯುತ್ತದೆ, ಸರಿಪಡಿಸುವ ದಾರಿ ಇಲ್ಲ. ತೂತನ್ನು ಮುದುಡಿದ ಮೇಲೆ, ಕಾಯಿಸಿದ ಸೂಜಿಯಿಂದ ಹಾಕಿ. ಸುತ್ತ ಏಳುವ ಸಣ್ಣ ದಿಂಡು ತೂತಿಗೆ ಬಲ ಕೊಡುತ್ತದೆ. ಪಂಚಿಂಗ್ ಯಂತ್ರದ ತೂತು ಅಂಚಿನಿಂದ ಸೀಳುತ್ತದೆ. ಬಣ್ಣ ಹಚ್ಚುವುದಿದ್ದರೆ 400ರ ಎಮರಿ ಕಾಗದದಿಂದ ಉಜ್ಜಿ, ಗಾಜಿಗೆ ಬಳಿಯುವ ಬಣ್ಣ ಹಚ್ಚಿ. ಮಾರ್ಕರ್ ಪೆನ್ನಿನ ಬಣ್ಣ ಮೊದಲ ಸಲ ಸೆಂಟು ಸಿಂಪಡಿಸಿದಾಗಲೇ ಇಳಿಯುತ್ತದೆ.

ಮುಚ್ಚಳದ ಎಚ್‌ಡಿಪಿಇ ಮುದುಡುವುದಿಲ್ಲ, ಕರಗುತ್ತದೆ. ಸುಮಾರು 130 ಡಿಗ್ರಿಗೆ ಕರಗುತ್ತದೆ, ಆದರೆ ತುಂಡುಗಳು ಒಂದಕ್ಕೊಂದು ಬೆರೆಯಲು 170–180 ಬೇಕು. 15 ಸೆಂ.ಮೀ. ಚೌಕದ, 5 ಮಿ.ಮೀ. ದಪ್ಪದ ಹಲಗೆಗೆ ಸುಮಾರು 110 ಗ್ರಾಂ ಮುಚ್ಚಳ ಹಿಡಿಯುತ್ತದೆ. ಸಣ್ಣಗೆ ಕತ್ತರಿಸಿ, ಎರಡು ಬೇಕಿಂಗ್ ಕಾಗದದ ನಡುವೆ ಇಟ್ಟು, ಟೋಸ್ಟರ್ ಅವನ್‌ನಲ್ಲಿ 15–20 ನಿಮಿಷ ಇಡಿ. ತೆಗೆದು ದಪ್ಪ ಕೈಗವಸು ಹಾಕಿ ಚಪಾತಿ ಹಿಟ್ಟಿನಂತೆ ಒಮ್ಮೆ ಮಡಿಚಿ ತಿರುಚಿದರೆ ಅಮೃತಶಿಲೆಯಂಥ ಗೆರೆಗಳು ಏಳುತ್ತವೆ. ಮತ್ತೆ 5 ನಿಮಿಷ ಒಳಗಿಟ್ಟು, ಎರಡು ಹಲಗೆಯ ನಡುವೆ ಕ್ಲಾಂಪ್ ಹಾಕಿ ಪೂರ್ತಿ ಆರುವವರೆಗೆ ಬಿಡಿ. ಅವಸರದಲ್ಲಿ ಒಂದು ಬದಿಗೆ ತಣ್ಣೀರು ಹುಯ್ದರೆ ಹಲಗೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಆ ಅವನ್‌ನಲ್ಲಿ ಮತ್ತೆ ಅಡುಗೆ ಮಾಡಬಾರದು, ಮತ್ತು ಕಿಟಕಿ ತೆರೆದಿರಲೇಬೇಕು.

ಪಾಲಿಪ್ರೊಪಿಲೀನ್ ಮುಚ್ಚಳ ಒಂದೆರಡು ಸೇರಿದ್ದರೆ? ಹಲಗೆ ನೋಡಲು ಚೆನ್ನಾಗಿಯೇ ಬರುತ್ತದೆ. ಗರಗಸ ಇಟ್ಟಾಗ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ, ಏಕೆಂದರೆ ಇವೆರಡೂ ಒಂದರಲ್ಲೊಂದು ಬೆರೆಯುವುದಿಲ್ಲ.

ಬಳೆಗೆ ಮುಚ್ಚಳವೇ ಸರಿ: ಗಟ್ಟಿ, ಚರ್ಮಕ್ಕೆ ಹಿತ, ಸೋಪಿನ ನೀರಿಗೆ ಜಗ್ಗುವುದಿಲ್ಲ. ಆದರೆ ಅಚ್ಚಿನಲ್ಲಿ ಹುಯ್ಯುವವರು ಒಂದು ಲೆಕ್ಕ ಇಟ್ಟುಕೊಳ್ಳಬೇಕು. ಎಚ್‌ಡಿಪಿಇ ಆರುವಾಗ ನೂರಕ್ಕೆ 2–3ರಷ್ಟು ಕುಗ್ಗುತ್ತದೆ. 2-6ರ ಬಳೆಯ ಒಳ ಅಗಲ 60.3 ಮಿ.ಮೀ., 2-4ರದ್ದು 57.2 ಮಿ.ಮೀ. 2-6ಕ್ಕೆ ಮಾಡಿದ ಅಚ್ಚು ಕೊಡುವ ಬಳೆ ಒಂದೂವರೆ ಮಿ.ಮೀ. ಕಡಿಮೆಯಾಗಿ ಎರಡು ಅಳತೆಗಳ ನಡುವೆ ಸಿಕ್ಕಿಬೀಳುತ್ತದೆ, ಯಾರ ಕೈಗೂ ಸರಿಹೋಗದು. ಅಚ್ಚನ್ನು 62 ಮಿ.ಮೀ.ಗೆ ಮಾಡಿಸಿ. ಅಂಟಿನ ಆಸೆಯನ್ನೂ ಬಿಡಿ. ಈ ಪ್ಲಾಸ್ಟಿಕ್ಕಿಗೆ ಫೆವಿಕ್ವಿಕ್ ಕೂಡ ಅಂಟದು, ತಂತಿ ಅಥವಾ ರಿವಿಟ್ಟೇ ಗತಿ.

ಪಿವಿಸಿ ಪೈಪನ್ನು ಕತ್ತರಿಸಿ ಬಳೆ ಮಾಡಿ ರೇಷ್ಮೆ ದಾರ ಸುತ್ತುವುದು ಈಗ ಮನೆಮನೆಯ ಕೆಲಸ. ತಣ್ಣಗಿದ್ದಾಗ ಕತ್ತರಿಸಿದರೆ ಅಡ್ಡಿಯಿಲ್ಲ. ಆಕಾರ ಬದಲಿಸಲು ಅದನ್ನು ಬೆಂಕಿಗೆ ಹಿಡಿಯುವುದು ಮಾತ್ರ ಕೂಡದು, ಸುಟ್ಟ ಪಿವಿಸಿ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಬಿಡುತ್ತದೆ.

ತಾಮ್ರವೋ, ಅಲ್ಯೂಮಿನಿಯಮ್ಮೋ?

ಹಳೆಯ ಇಂಟರ್ನೆಟ್ ಕೇಬಲ್ಲಿನ ಒಂದು ಮೀಟರ್ ತುಂಡಿನಲ್ಲಿ ಎಂಟು ಒಂಟಿ ತಂತಿಗಳಿರುತ್ತವೆ, ತಲಾ ಅರ್ಧ ಮಿ.ಮೀ. ದಪ್ಪ. ಹೆಣೆಯಲು, ಮಣಿ ಪೋಣಿಸಲು ಇದಕ್ಕಿಂತ ಅಗ್ಗದ ತಾಮ್ರ ಸಿಗದು. ಗೋಡೆಯೊಳಗಿನ ವೈರಿಂಗಿನದು ನೂಲಿನಂಥ ಸಣ್ಣ ಎಳೆಗಳ ಕಟ್ಟು, ಒಡವೆಗೆ ಅಷ್ಟು ಒದಗದು. ಕೇಬಲ್ಲಿನ ಬಣ್ಣದ ಹೊದಿಕೆಯನ್ನು ಸುಲಿಯಲೇಬೇಕಂತಲೂ ಇಲ್ಲ. ದಕ್ಷಿಣ ಆಫ್ರಿಕಾದ ಜೂಲು ಹೆಣಿಗೆಗಾರರ ಕೆಲವು ಸುರುಳಿ ಬುಟ್ಟಿಗಳು ಹಾಗೆ ಬಣ್ಣ ಉಳಿಸಿಕೊಂಡ ಟೆಲಿಫೋನ್ ತಂತಿಯವು. ಆ ಹೊದಿಕೆ ಬೆವರನ್ನೂ ತಡೆಯುತ್ತದೆ. ಸುಲಿಯುವುದಾದರೆ ಬ್ಲೇಡಿನಿಂದ ಸುಲಿಯಿರಿ. ಗುಜರಿಯವರು ಮಾಡುವಂತೆ ಸುಡಬೇಡಿ.

ಬಳೆಗೆ ಅರ್ಥಿಂಗಿನ 8 ಗೇಜ್ ತಂತಿ ಬೇಕು, ದಪ್ಪ 4 ಮಿ.ಮೀ. ಉದ್ದದ ಲೆಕ್ಕದಲ್ಲಿ ಹೆಚ್ಚಿನವರು ತಪ್ಪುವುದು ತಂತಿಯ ದಪ್ಪವನ್ನು ಸೇರಿಸದೆ. ಒಳ ಅಗಲಕ್ಕೆ ದಪ್ಪ ಕೂಡಿಸಿ 3.14ರಿಂದ ಗುಣಿಸಿ: 2-6ಕ್ಕೆ 60.3 ಮತ್ತು 4 ಕೂಡಿ 64.3, ಅಂದರೆ 202 ಮಿ.ಮೀ. ದಪ್ಪ ಬಿಟ್ಟರೆ 189 ಬರುತ್ತದೆ, ಬಳೆ ಒಂದೂಕಾಲು ಅಳತೆ ಚಿಕ್ಕದಾಗುತ್ತದೆ.

ತಾಮ್ರ ಬಡಿದಷ್ಟೂ ಬಿರುಸಾಗುತ್ತದೆ. ಸುತ್ತಿಗೆ ಪುಟಿಯಲು ಶುರುವಾದರೆ ನಿಲ್ಲಿಸಿ, ಮಂದ ಬೆಳಕಿನಲ್ಲಿ ಮಬ್ಬುಗೆಂಪು ಕಾಣುವಷ್ಟು ಕಾಯಿಸಿ, ನೀರಿಗೆ ಹಾಕಿ. ಮತ್ತೆ ಮೇಣದಷ್ಟು ಮೆತ್ತಗಾಗಿರುತ್ತದೆ. ಮೇಲಿನ ಕರಿಯನ್ನು ತೆಗೆಯಲು ಲೀಟರ್ ಬಿಸಿನೀರಿಗೆ 100 ಗ್ರಾಂ ಸಿಟ್ರಿಕ್ ಆ್ಯಸಿಡ್. ಹುಣಸೆಹಣ್ಣೂ ಆಗುತ್ತದೆ, ದೇವರ ಪಾತ್ರೆ ಬೆಳಗುವ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ. ಕೊನೆಗೆ ಮರದ ಸುತ್ತಿಗೆಯಲ್ಲಿ ಪೈಪಿನ ಮೇಲೆ ತಟ್ಟಿ ಮತ್ತೆ ಬಿರುಸು ತರಿಸಿ. ಇಲ್ಲದಿದ್ದರೆ ಹಾಕಿ ತೆಗೆಯುವಾಗಲೇ ಬಳೆ ಅಂಡಾಕಾರವಾಗುತ್ತದೆ.

ಕಿಲುಬು ತಾಮ್ರದ ಹುಟ್ಟುಗುಣ. ಬೆವರು ತಾಗಿ ಚರ್ಮ ಹಸಿರಾಗುತ್ತದೆ, ತೊಳೆದರೆ ಹೋಗುತ್ತದೆ, ಆದರೆ ಕೊಂಡವರು ಗಾಬರಿಯಾಗುತ್ತಾರೆ. ವಾರ್ನಿಷ್ ಹಚ್ಚಿದರೆ ಬಳೆಯ ಒಳಮೈಯಲ್ಲೇ ಮೊದಲು ಸವೆಯುತ್ತದೆ, ಅಂದರೆ ಬೇಕಾದ ಜಾಗದಲ್ಲೇ. ಫ್ಯಾನು, ಟ್ರಾನ್ಸ್‌ಫಾರ್ಮರುಗಳ ಸುರುಳಿ ತಂತಿಗೆ ಕಾರ್ಖಾನೆಯಲ್ಲೇ ಎನಾಮಲ್ ಲೇಪಿಸಿರುತ್ತಾರೆ. ಅದನ್ನು ಕೆರೆಯದೆ ಹಾಗೆಯೇ ಹೆಣೆದರೆ ಕಿಲುಬು ಬಹಳ ಕಾಲ ಹತ್ತಿರ ಸುಳಿಯದು. ಇಕ್ಕಳದ ಬಾಯಿಗೆ ಟೇಪು ಸುತ್ತಿಕೊಳ್ಳಿ, ಗೀರು ಬಿದ್ದಲ್ಲಿಂದಲೇ ಹಸಿರು ಶುರುವಾಗುವುದು.

ಕ್ಯಾನಿನ ಅಲ್ಯೂಮಿನಿಯಂ ಹಸಿರಾಗುವುದಿಲ್ಲ, ತೂಕವೇ ಇಲ್ಲ, ಅಡುಗೆಮನೆ ಕತ್ತರಿಗೆ ಸಿಗುತ್ತದೆ. ಗೋಡೆ ಬರೇ 0.1 ಮಿ.ಮೀ. ದಪ್ಪ ಇರುವುದರಿಂದ ಅಂಚು ಬ್ಲೇಡು. ಎಮರಿ ಕಾಗದದಲ್ಲಿ ಉಜ್ಜಿದರೆ ಸಾಕು ಅನ್ನುವ ಸಲಹೆ ಅಲ್ಲಲ್ಲಿ ಕಾಣುತ್ತದೆ, ಸಾಲದು. ಸುತ್ತಲೂ 2–3 ಮಿ.ಮೀ. ಒಳಕ್ಕೆ ಮಡಿಚಿ ಒತ್ತಬೇಕು. ದುಂಡು ಆಕಾರವಾದರೆ ಎರಡು ಬಿಲ್ಲೆ ಮಾಡಿ, ಮೇಲಿನದನ್ನು ಸುತ್ತಲೂ 3 ಮಿ.ಮೀ. ದೊಡ್ಡದಾಗಿ ಕತ್ತರಿಸಿ ಅಂಚನ್ನು ಕೆಳಗಿನದರ ಮೇಲೆ ಮಗುಚಬೇಕು. ಸಾಮಾನ್ಯ ಬೆಸುಗೆ ಇದಕ್ಕೆ ಹಿಡಿಯದು, ಐಲೆಟ್ ಅಥವಾ ರಿವಿಟ್ ಹಾಕಿ. ಓಲೆಗೆ ಸರಿ, ಬ್ರೂಚಿಗೆ ಇನ್ನೂ ಸರಿ. ಬಳೆಗೆ ಬೇಡ, ಎರಡು ದಿನಕ್ಕೆ ಜಜ್ಜಿಹೋಗುತ್ತದೆ.

ಎರಡನ್ನೂ ಸೇರಿಸಿದರೆ? ಘಾನಾದಲ್ಲಿ ಹುಟ್ಟಿ ನೈಜೀರಿಯಾದ ಎನ್ಸುಕ್ಕಾದಲ್ಲಿ ದಶಕಗಳ ಕಾಲ ದುಡಿದ ಕಲಾವಿದ ಎಲ್ ಅನಾಟ್ಸುಯಿ ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳನ್ನು ಚಪ್ಪಟೆ ಮಾಡಿ, ತಾಮ್ರದ ತಂತಿಯಲ್ಲಿ ಹೊಲಿದು, ಗೋಡೆಯಗಲದ ಜರತಾರಿ ಸೀರೆಯಂತೆ ಇಳಿಬಿಟ್ಟಿದ್ದಾರೆ. ಅದನ್ನು ನೋಡಿ ಕೊರಳಿಗೆ ಹಾಗೇ ಮಾಡಲು ಹೊರಟರೆ ಕಷ್ಟ. ಮ್ಯೂಸಿಯಮ್ಮಿನ ಗೋಡೆ ಬೆವರುವುದಿಲ್ಲ. ಉಪ್ಪು ನೀರಿನಲ್ಲಿ ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿದರೆ ಸಣ್ಣ ಬ್ಯಾಟರಿಯಾಗಿ, ಅಲ್ಯೂಮಿನಿಯಂ ಬಿಳಿಪುಡಿಯಾಗಿ ತಿಂದುಹೋಗುತ್ತದೆ. ಮೈಮೇಲೆ ಹಾಕುವುದಾದರೆ ಎನಾಮಲ್ ಇರುವ ತಂತಿ ಅಥವಾ ನೈಲಾನ್ ದಾರ ಬಳಸಿ. ಗೋಡೆಗೆ ತೂಗುವ ಕಲಾಕೃತಿಗೆ ಯಾವ ತಂತಿಯಾದರೂ ನಡೆಯುತ್ತದೆ.

ಕಾಗದ, ಗೂಡು, ಕರಟ

ಕಾಗದದ ಮಣಿ ಕಲಿಯಲು ಸುಲಭ, ಕೆಡಿಸಲು ಅದಕ್ಕಿಂತ ಸುಲಭ. ತಳ 2.5 ಸೆಂ.ಮೀ., ಉದ್ದ 29 ಸೆಂ.ಮೀ. ಇರುವ ತ್ರಿಕೋನ ಪಟ್ಟಿಯನ್ನು ಅಗಲದ ಕಡೆಯಿಂದ 2 ಮಿ.ಮೀ. ಕಡ್ಡಿಗೆ ಬಿಗಿಯಾಗಿ ಸುತ್ತಿದರೆ ಮಧ್ಯ ಉಬ್ಬಿದ ಮಣಿ ಆಗುತ್ತದೆ. ತಲೆಕೆಳಗು ಮಾಡಿ ಮಾಡಿ ಕತ್ತರಿಸಿದರೆ ಎ4 ಅಳತೆಯ ಹಾಳೆಗೆ 15 ಮಣಿ. ಎರಡು ಹಾಳೆಗೆ ಒಂದು ಸರ ಆಗಿ ಮಿಗುತ್ತದೆ. ಕ್ಯಾಲೆಂಡರ್ ಹಾಳೆ ಉತ್ತಮ. ಸುದ್ದಿಪತ್ರಿಕೆಯ ಕಾಗದ ಅಂಟು ಹೀರಿ ಮುದ್ದೆಯಾಗುತ್ತದೆ, ಶಾಯಿ ಬಿಡುತ್ತದೆ. ಲಗ್ನಪತ್ರಿಕೆಯ ಮೇಲೆ ಎಲ್ಲರಿಗೂ ಕಣ್ಣು, ಆದರೆ ಅದರ ಚಿನ್ನದ ಹಾಳೆ ಸುತ್ತುವಾಗ ಬಿರಿಯುತ್ತದೆ, ಲ್ಯಾಮಿನೇಷನ್ ಮೇಲೆ ಅಂಟು ಕೂರದು. ಅದನ್ನು ಚಪ್ಪಟೆ ಪದಕಕ್ಕೆ ಇಟ್ಟುಕೊಳ್ಳಿ. ಬಿಳಿ ಫೆವಿಕಾಲನ್ನೇ ಮೇಲಿನ ಹೊಳಪಿಗೆ ಹಚ್ಚುವವರಿದ್ದಾರೆ. ಮಳೆಗಾಲದ ತೇವಕ್ಕೆ ಅದು ಅಂಟಂಟಾಗಿ ಮಣಿಗಳು ಒಂದಕ್ಕೊಂದು ಹಿಡಿಯುತ್ತವೆ. ನೀರಲ್ಲಿ ಬೆರೆಸುವ ಪಾಲಿಯುರೆಥೇನ್ ವಾರ್ನಿಷ್ ಮೂರು ಕೈ ಹಚ್ಚಿ, ಮಣಿಯ ಎರಡು ತುದಿಗೂ ಮರೆಯದೆ ತಾಗಿಸಿ. ನೀರು ಒಳಹೋಗುವುದು ತುದಿಯಿಂದ.

ರೇಷ್ಮೆ ಗೂಡು ಕರ್ನಾಟಕದವರಿಗೆ ಕೈಯಳತೆಯಲ್ಲಿರುವ ವಸ್ತು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಒಳ್ಳೆಯ ಗೂಡು ನೂಲು ಬಿಚ್ಚಣಿಕೆಗೆ ಹೋಗಬೇಕು, ಅದನ್ನು ಕತ್ತರಿಸಿ ಹೂ ಮಾಡಿದರೆ ಅದು ಗುಜರಿಯ ಬಳಕೆಯಲ್ಲ. ಕೇಳಬೇಕಾದದ್ದು ರೇಷ್ಮೆಹುಳದ ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ಚಿಟ್ಟೆ ಹೊರಬಂದ ಮೇಲೆ ಉಳಿಯುವ ತೂತುಗೂಡು. ತೂತಾದ ಕಡೆ ಎಳೆ ಕಡಿದಿರುವುದರಿಂದ ಅದನ್ನು ನೂಲಾಗಿ ಬಿಚ್ಚಲಾಗದು, ಮತ್ತು ಒಳಗೆ ಹುಳವೂ ಇರದು. ಇದು ಎರಡನೆಯ ಲಾಭ. ಸತ್ತ ಹುಳ ಒಳಗಿದ್ದರೆ ವಾಸನೆ ಬರುತ್ತದೆ, ಅದನ್ನು ತಿನ್ನಲು ಬರುವ ಜೀರುಂಡೆ ಗೂಡನ್ನೂ ಕೊರೆಯುತ್ತದೆ. ಚಿಟ್ಟೆ ಬಿಟ್ಟ ಕಂದು ಕಲೆಯ ತುದಿಯನ್ನು ಕತ್ತರಿಸಿ ಎಸೆಯಿರಿ, ಉಳಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಫ್ರೀಜರಿನಲ್ಲಿಡಿ.

ದ್ವಿತಳಿ (ಬೈವೋಲ್ಟೀನ್) ಎಂಬ ರೇಷ್ಮೆ ತಳಿಯ ಗೂಡು ಬೆಳ್ಳಗೆ, ಅಂಡಾಕಾರ ಅಥವಾ ನಡು ಸಣ್ಣಗಾದ ಕಡಲೆಕಾಯಿಯಂತೆ. ಮೈಸೂರು ತಳಿಯದು ಹಸಿರು ಬೆರೆತ ಹಳದಿ, ತುದಿ ಚೂಪು. ಬಣ್ಣ ಹಾಕುವವರಿಗೆ ಮೊದಲನೆಯದು, ಹಾಕದವರಿಗೆ ಎರಡನೆಯದು. ಗೂಡಿಗೆ ಬಿರುಸು ಕೊಡುವುದು ಸೆರಿಸಿನ್ ಎಂಬ ಅಂಟು. ಕುದಿಯುವ ಸೋಪುನೀರಿನಲ್ಲಿ ಅದು ಕರಗಿಹೋಗಿ ಗೂಡು ಒದ್ದೆ ಹತ್ತಿಯಂತಾಗುತ್ತದೆ. ಬಣ್ಣದ ನೀರು ಕೈ ಇಡಲಾಗದಷ್ಟು ಬಿಸಿಯಾದರೆ ಸಾಕು, ಕುದಿಯಬಾರದು. ಆ್ಯಸಿಡ್ ಡೈಗೆ (ರೇಷ್ಮೆ, ಉಣ್ಣೆಗೆ ಹಾಕುವ ಬಣ್ಣ) ಸ್ವಲ್ಪ ವಿನೆಗರ್ ಹಾಕಿ, ಸಮಯ ಹೆಚ್ಚು ಕೊಡಿ. ಬಿಸಿ ಹೆಚ್ಚಿಸಬೇಡಿ. ಆರಿದ ಮೇಲೆ ಚೂಪು ಕತ್ತರಿಯಲ್ಲಿ ಎಸಳು ಕತ್ತರಿಸಿ, ಅಂಚಿನಲ್ಲಿ ಉಗುರು ಹಾಕಿದರೆ ಪದರಗಳು ಬಿಡುತ್ತವೆ. ಒಳಪದರಗಳು ಬೆಳಕು ಹಾಯುವಷ್ಟು ತೆಳು. ಓಲೆಗೂ ಹೂವಿನ ಪದಕಕ್ಕೂ ಇಷ್ಟು ಹಗುರವಾಗಿ ಇಷ್ಟು ಮೈದುಂಬಿ ಕಾಣುವ ವಸ್ತು ಗುಜರಿಯಲ್ಲಿ ಇನ್ನೊಂದಿಲ್ಲ. ಕೈಗೆ ಖಂಡಿತ ಬೇಡ, ಒಮ್ಮೆ ನಗ್ಗಿದರೆ ಗೆರೆ ಉಳಿಯುತ್ತದೆ.

ಕರಟಕ್ಕೆ ಬಲಿತ ಕಾಯಿಯದೇ ಬೇಕು. ಎಳೆಕಾಯಿಯದು ಒಣಗುವಾಗ ಸೀಳುತ್ತದೆ. 80ರಿಂದ ಶುರುಮಾಡಿ 150, 220, 400, 600ರ ಎಮರಿ ಕಾಗದದವರೆಗೆ ಒಂದನ್ನೂ ಬಿಡದೆ ಉಜ್ಜಿ, ಕೊನೆಗೆ ಕೊಬ್ಬರಿ ಎಣ್ಣೆ ಸವರಿದರೆ ಎಮ್ಮೆಕೊಂಬಿನ ಹೊಳಪು. ನಡುವೆ ಒಂದು ನಂಬರು ಹಾರಿಸಿದರೆ ಹಿಂದಿನ ಗೀರು ಎಣ್ಣೆ ಹಚ್ಚಿದ ಕೂಡಲೇ ಎದ್ದು ಕಾಣುತ್ತದೆ. ದೂಳು ಬಹಳ ನುಣುಪು, ಮಾಸ್ಕ್ ಬೇಕು. ಕೊರಳು, ಕೈ, ಗುಂಡಿಗೆ ಸರಿ. ಕಿವಿಗೆ ಮಾಡುವವರು 2 ಸೆಂ.ಮೀ. ಅಗಲ ದಾಟಬೇಡಿ.

ಉಳಿದವು, ಚುಟುಕಾಗಿ

ಸೈಕಲ್ ಟ್ಯೂಬು ಹೊಸ ಕಾಲದ ಒಡವೆಗಾರರಿಗೆ ಪ್ರಿಯ. ಕಪ್ಪು, ಮೆತ್ತಗೆ, ಕತ್ತರಿಯಲ್ಲಿ ಲೇಸಿನಂತೆ ಕೊರೆಯಬಹುದು. ಒಳಗಿನ ಪುಡಿ ಹೋಗುವವರೆಗೆ ಪಾತ್ರೆ ತೊಳೆಯುವ ಸೋಪಿನಲ್ಲಿ ಎರಡು ಮೂರು ಸಲ ತೊಳೆಯಿರಿ. ರಬ್ಬರಿನಲ್ಲಿ ಗಂಧಕ ಇರುವುದರಿಂದ ಬೆಳ್ಳಿಯ ಕೊಂಡಿಯನ್ನು ಅದರ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೆಳ್ಳಿ ಕಪ್ಪಾಗುತ್ತದೆ. ಸ್ಟೀಲಿನ ಕೊಂಡಿ ಹಾಕಿ. ತಿಳಿಬಣ್ಣದ ಬಟ್ಟೆಗೆ ಕಪ್ಪು ಹತ್ತಬಹುದು, ಕೊಳ್ಳುವವರಿಗೆ ಮೊದಲೇ ಹೇಳಿ.

ಗಾಜಿನ ಬಾಟಲಿ ಕರಗಿಸಿ ಮಣಿ ಮಾಡುವುದಾದರೆ ಒಂದೇ ಬಾಟಲಿಯ ಗಾಜು ಬಳಸಿ. ಬೇರೆ ಬೇರೆ ಗಾಜು ಆರುವಾಗ ಬೇರೆ ಬೇರೆ ಅಳತೆಯಲ್ಲಿ ಕುಗ್ಗಿ, ಮಣಿ ವಾರದ ಮೇಲೂ ತಾನಾಗಿ ಸೀಳಬಹುದು. ಘಾನಾದ ಕ್ರೋಬೋ ಜನ ಬಾಟಲಿಯನ್ನು ಪುಡಿಮಾಡಿ ಮಣ್ಣಿನ ಅಚ್ಚಿಗೆ ತುಂಬಿ, ತೂತಿಗೆ ಮರಗೆಣಸಿನ ಎಲೆಯ ತೊಟ್ಟು ನೆಡುತ್ತಾರೆ. ಕುಲುಮೆಯಲ್ಲಿ ತೊಟ್ಟು ಸುಟ್ಟು ತೂತು ಉಳಿಯುತ್ತದೆ. ಒಡೆದ ಬಳೆಚೂರನ್ನು ಮೈಗೆ ಹಾಕುವ ಒಡವೆಗಿಂತ ನಿಲ್ಲುವ ಕಲಾಕೃತಿಗೆ ಬಳಸುವುದು ಮೇಲು. ಚಂಡೀಗಢದ ರಾಕ್ ಗಾರ್ಡನ್‌ನಲ್ಲಿ (1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು) ನೇಕ್ ಚಂದ್ ಬಳೆಚೂರನ್ನು ಸಿಮೆಂಟಿನಲ್ಲಿ ಕೂರಿಸಿ ಗೊಂಬೆಗಳ ಸಾಲನ್ನೇ ನಿಲ್ಲಿಸಿದ್ದು ನೋಡಿದರೆ ಸಿಮೆಂಟು ಅಂಚನ್ನು ಹೇಗೆ ನುಂಗುತ್ತದೆ ಅಂತ ಗೊತ್ತಾಗುತ್ತದೆ.

ಕಂಪ್ಯೂಟರಿನ ಹಸಿರು ಸರ್ಕಿಟ್ ಹಲಗೆಯ ಓಲೆ ನೋಡಲು ಜಾಣತನದ್ದು. ಅದನ್ನು ಕತ್ತರಿಸಿದಾಗ ಏಳುವುದು ಗಾಜಿನ ನಾರಿನ ದೂಳು, ಹಳೆಯ ಹಲಗೆಯ ಬೆಸುಗೆಯಲ್ಲಿ ಸೀಸ. ಮನೆಯಲ್ಲಿ ಉಜ್ಜುವ ವಸ್ತುವಲ್ಲ. ಟೋಕಿಯೋ 2020 ಒಲಿಂಪಿಕ್ಸಿನ ಸುಮಾರು 5,000 ಪದಕಗಳಿಗೆ ಹಳೆಯ ಫೋನು ಮತ್ತಿತರ ಉಪಕರಣಗಳಿಂದ ಸುಮಾರು 32 ಕಿಲೋ ಚಿನ್ನ ತೆಗೆದದ್ದು ನಿಜ, ಆದರೆ ಅದು ಕಾರ್ಖಾನೆಯ ಕೆಲಸ. ಕೀಬೋರ್ಡಿನ ಕೀಲಿಗಳನ್ನು ಬಿಚ್ಚಿ ಪೋಣಿಸಿ, ಬೋರ್ಡನ್ನು ಇ-ತ್ಯಾಜ್ಯದವರಿಗೆ ಕೊಡಿ.

ಎಪಾಕ್ಸಿ ರೆಸಿನ್ (ಸುರಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ದ್ರವ) ಬಗ್ಗೆ ಒಂದು ತಕರಾರು. ಗುಜರಿಯ ಚೂರನ್ನು ಎಪಾಕ್ಸಿಯಲ್ಲಿ ಮುಳುಗಿಸಿದರೆ ಪದಕದ ಬಹುಪಾಲು ತೂಕ ಹೊಸ ರಾಸಾಯನಿಕವೇ ಆಗಿರುತ್ತದೆ, ಮತ್ತೆ ಎಂದೂ ಬೇರ್ಪಡಿಸಲಾಗದು. ಅದನ್ನು ಮರುಬಳಕೆ ಅಂತ ಮಾರುವುದು ಸರಿಯಲ್ಲ.

ಕೊನೆಗೆ ಕೊಂಡಿ. ಉಳಿದದ್ದೆಲ್ಲ ಗುಜರಿಯಾಗಲಿ, ಕಿವಿತೂತಿಗೆ ಹೋಗುವ ಕೊಂಡಿ ಮಾತ್ರ ಹೊಸದಿರಲಿ, ಏನೆಂದು ಗೊತ್ತಿರುವ ಲೋಹದ್ದಿರಲಿ: 925 ಬೆಳ್ಳಿ, ಟೈಟಾನಿಯಂ ಅಥವಾ ನಿಯೋಬಿಯಂ. ಹಳೆಯ ಓಲೆಯಿಂದ ಕಿತ್ತ ಕೊಂಡಿ ಹೆಚ್ಚಾಗಿ ಜರ್ಮನ್ ಸಿಲ್ವರ್. ಹೆಸರಲ್ಲಷ್ಟೇ ಬೆಳ್ಳಿ, ಇರುವುದು ತಾಮ್ರ, ನಿಕ್ಕಲ್, ಸತು. ಯುರೋಪಿಗೆ ಕಳಿಸುವವರಿಗೆ ಇದು ಕಾನೂನಿನ ಮಾತೂ ಹೌದು. ಅಲ್ಲಿ ಕಿವಿತೂತಿಗೆ ಹೋಗುವ ಭಾಗದಿಂದ ವಾರಕ್ಕೆ ಚದರ ಸೆಂ.ಮೀ.ಗೆ 0.2 ಮೈಕ್ರೊಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡುವಂತಿಲ್ಲ. ಚರ್ಮಕ್ಕೆ ತಾಗುವ ಬೇರೆ ಒಡವೆಗೆ ಮಿತಿ 0.5.

ಹತ್ತು ಜೋಡಿಗೆ ಬೇಡಿಕೆ ಬಂದಾಗ ಹನ್ನೆರಡು ಜೋಡಿಗಾಗುವಷ್ಟು ಒಂದೇ ಬಗೆಯ ಗುಜರಿ ಕೈಯಲ್ಲಿರಬೇಕು. ಕಂಪನಿಗಳು ಬಾಟಲಿಯ ಬಣ್ಣ, ದಪ್ಪವನ್ನು ಹೇಳದೆ ಕೇಳದೆ ಬದಲಿಸುತ್ತವೆ. ಗುಜರಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಕೊಳ್ಳುವಾಗ ಚೀಲದ ತಳದಿಂದ ಎರಡು ಹಿಡಿ ತೆಗೆದು ನೋಡಿ, ತೂಕಕ್ಕೆ ನೀರು ಉಳಿಸಿದ ಬಾಟಲಿಗಳು ಇರುವುದು ಅಲ್ಲೇ.